ಪರದೆ ಕಪ್ಪಾದ ಮೇಲೂ ಮುಚ್ಚದ ಖಾತೆ: ಎಮ್ಯುಲೇಟರಿನೊಳಗಿನ ಹಳೆಯ ಕಂಪ್ಯೂಟರಿನ ಶಟ್‌ಡೌನ್ ಕುರಿತ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯ ಮಲೆನಾಡು ಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರಲ್ಲಿ ನಡೆದ ಸಂಗತಿ ಇದು. ಸಂಘದ ಹೆಸರನ್ನೂ ಊರನ್ನೂ ಅಲ್ಲಿ ಕೆಲಸ ಮಾಡುವವರ ಗುರುತನ್ನೂ ಇಲ್ಲಿ ಮರೆಮಾಡಲಾಗಿದೆ. ತಾಂತ್ರಿಕ ವಿವರಗಳು ಮಾತ್ರ ಇದ್ದ ಹಾಗೆಯೇ ಇವೆ. ಹಳೆಯ ಕಂಪ್ಯೂಟರನ್ನು ಎಮ್ಯುಲೇಟರಿನಲ್ಲಿ, ಅಂದರೆ ಒಂದು ಯಂತ್ರವನ್ನು ಇನ್ನೊಂದರೊಳಗೆ ಅನುಕರಿಸುವ ತಂತ್ರಾಂಶದಲ್ಲಿ, ಉಳಿಸಿಕೊಂಡು ದಿನನಿತ್ಯದ ಕೆಲಸ ನಡೆಸುವ ಕಚೇರಿಗಳೂ ಮುದ್ರಣಾಲಯಗಳೂ ನಮ್ಮ ಕಡೆ ಇನ್ನೂ ಇವೆ. ಅವರಲ್ಲಿ ಯಾರಿಗಾದರೂ ಇದೇ ತೊಂದರೆ ಎದುರಾದರೆ ಯಾವ ಹಂತದಲ್ಲಿ ಏನನ್ನು ಗಮನಿಸಬೇಕು ಎಂಬುದು ತಿಳಿಯಲಿ ಎಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಸಂಘದ ಸದಸ್ಯರ ಲೆಕ್ಕವು ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮಿಗೆಂದು 1994ರಲ್ಲಿ ಬಂದ, ದಾಖಲೆಗಳನ್ನು ಇಡುವ ಫಾಕ್ಸ್‌ಪ್ರೊ 2.6ರಲ್ಲಿ ಬರೆಸಿದ ಒಂದು ತಂತ್ರಾಂಶದಲ್ಲಿದೆ. ಸದಸ್ಯರು ತಂದ ಅಡಿಕೆಯ ಬಗೆ ರಾಶಿಯೋ, ಬೆಟ್ಟೆಯೋ, ಸರಕೋ, ಗೊರಬಲೋ. ಎಷ್ಟು ಮೂಟೆ, ಎಷ್ಟು ತೂಕ. ಅದರ ಮೇಲೆ ಕೊಟ್ಟ ಮುಂಗಡವೆಷ್ಟು. ಮಾರಾಟವಾಗಿ ಪಟ್ಟಿ ಮಾಡುವಾಗ ಹಿಡಿದುಕೊಂಡದ್ದೆಷ್ಟು ಎಂಬ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಅದನ್ನು ಬರೆದುಕೊಟ್ಟವರು ಈಗ ಸಂಪರ್ಕದಲ್ಲಿಲ್ಲ, ಮೂಲ ಸಂಕೇತವೂ ಸಂಘದ ಬಳಿ ಇಲ್ಲ. ಹೊಸ ತಂತ್ರಾಂಶಕ್ಕೆ ಹೋಗಬೇಕೆಂಬ ತೀರ್ಮಾನವಾಗಿದ್ದರೂ, ಹಿಂದಿನ ವರ್ಷಗಳ ಮುಂಗಡದ ಬಾಕಿಗಳೆಲ್ಲ ತಾಳೆಯಾಗುವವರೆಗೆ ಹಳೆಯದನ್ನು ಕೈಬಿಡುವಂತಿರಲಿಲ್ಲ.

ಆ ತಂತ್ರಾಂಶವಿದ್ದದ್ದು ವಿಂಡೋಸ್ 98ರ ಎರಡನೆಯ ಆವೃತ್ತಿಯ ಒಂದು ಪೆಂಟಿಯಂ ಕಂಪ್ಯೂಟರಿನಲ್ಲಿ. ವಾರ್ಷಿಕ ವರದಿಯನ್ನು ಪುಟ ಜೋಡಿಸುವ ಪೇಜ್‌ಮೇಕರಿನಲ್ಲಿ ನುಡಿ ಅಕ್ಷರಗಳಲ್ಲಿ ಜೋಡಿಸುತ್ತಿದ್ದದ್ದೂ ಅದರಲ್ಲಿಯೇ. ಒಂದು ಮಳೆಗಾಲದಲ್ಲಿ ಅದರ ಮದರ್‌ಬೋರ್ಡ್ ಕೈಕೊಟ್ಟಿತು, ಹಾರ್ಡ್ ಡಿಸ್ಕ್ ಮಾತ್ರ ಓದುವ ಸ್ಥಿತಿಯಲ್ಲಿತ್ತು. ಸಂಘಕ್ಕೆ ನೆರವಾಗುತ್ತಿದ್ದ ತರುಣ ತಂತ್ರಜ್ಞರೊಬ್ಬರು ಡಿಸ್ಕಿನ ಪೂರ್ಣ ಪ್ರತಿಯನ್ನು ಒಂದೇ ಕಡತವಾಗಿ ತೆಗೆದು, ಡೆಬಿಯನ್ ಲಿನಕ್ಸ್ ಹಾಕಿದ ಪುಟ್ಟ ಕಂಪ್ಯೂಟರೊಂದರಲ್ಲಿ ಕ್ಯೂಎಮು ಎಂಬ ಎಮ್ಯುಲೇಟರಿನ ಮೂಲಕ ಅದನ್ನು ಓಡಿಸಿದರು. ಕ್ಯೂಎಮು ಒಂದು ಇಡೀ ಕಂಪ್ಯೂಟರಿನ ಪ್ರೊಸೆಸರು, ಬಯಾಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ), ಡಿಸ್ಕ್, ಗಡಿಯಾರ ಎಲ್ಲವನ್ನೂ ತಂತ್ರಾಂಶದಲ್ಲಿಯೇ ಅನುಕರಿಸುತ್ತದೆ. ಒಳಗಿರುವ ವಿಂಡೋಸ್ ತಾನು ನಿಜವಾದ ಯಂತ್ರದ ಮೇಲಿದ್ದೇನೆ ಎಂದೇ ತಿಳಿದು ನಡೆಯುತ್ತದೆ. ಮುಂದೆ ಲಿನಕ್ಸ್ ಯಂತ್ರವನ್ನು ಹೊರಗಿನ ಕಂಪ್ಯೂಟರ್ ಎಂದೂ ಅನುಕರಿಸಲಾದದ್ದನ್ನು ಒಳಗಿನ ಕಂಪ್ಯೂಟರ್ ಎಂದೂ ಕರೆಯುತ್ತೇನೆ.

ಕೆಲಸ ಶುರುವಾದಾಗ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಅದೇ ನೀಲಿ ಪರದೆ, ಅದೇ ಮೆನು, ಅದೇ ಕೀಲಿಗಳು. ತೊಂದರೆಯೆಲ್ಲ ಇದ್ದದ್ದು ಸಂಜೆ ಮುಚ್ಚುವಾಗ.

ಒಂದು ದೂರಿನೊಳಗೆ ಮೂರು ತೊಂದರೆ

ಸಿಬ್ಬಂದಿಯ ದೂರು ಚಿಕ್ಕದಾಗಿತ್ತು: ಕಂಪ್ಯೂಟರ್ ಸರಿಯಾಗಿ ಬಂದ್ ಆಗುವುದಿಲ್ಲ. ಆದರೆ ಹತ್ತಿರ ಕುಳಿತು ನೋಡಿದಾಗ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಂಗತಿಗಳನ್ನು ಅವರು ಒಂದೇ ಮಾತಿನಲ್ಲಿ ಹೇಳುತ್ತಿದ್ದಾರೆ ಎಂಬುದು ಗೊತ್ತಾಯಿತು. ಕೆಲವು ದಿನ ಶಟ್‌ಡೌನ್ ಒತ್ತಿದ ಮೇಲೆ ಕಾಯಲು ಹೇಳುವ ಚಿತ್ರದಲ್ಲಿಯೇ ವಿಂಡೋಸ್ ನಿಂತುಬಿಡುತ್ತಿತ್ತು. ಮಿಕ್ಕ ದಿನಗಳಲ್ಲಿ ವಿಂಡೋಸ್ ತನ್ನ ಕೆಲಸ ಮುಗಿಸಿ, ಈಗ ಕಂಪ್ಯೂಟರನ್ನು ಆರಿಸಬಹುದು ಎಂಬ ಕಿತ್ತಳೆ ಬಣ್ಣದ ಅಕ್ಷರಗಳನ್ನು ತೋರಿಸಿ ಹಾಗೆಯೇ ಉಳಿಯುತ್ತಿತ್ತು. ಮೂರನೆಯದು, ಕರೆಂಟು ಹೋಗಿ ಹೊರಗಿನ ಕಂಪ್ಯೂಟರ್ ತಾನಾಗಿ ಮುಚ್ಚಿಕೊಂಡ ರಾತ್ರಿಯ ಮಾರನೆಯ ಬೆಳಿಗ್ಗೆ, ಒಳಗೆ ಡಿಸ್ಕನ್ನು ಪರೀಕ್ಷಿಸುವ ಸ್ಕ್ಯಾನ್‌ಡಿಸ್ಕ್ ಎದ್ದು, ಹಿಂದಿನ ಸಲ ವಿಂಡೋಸನ್ನು ಸರಿಯಾಗಿ ಮುಚ್ಚಿಲ್ಲ ಎಂದು ಹೇಳುತ್ತಿತ್ತು.

ಎರಡನೆಯದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಇತಿಹಾಸ ಬೇಕು. ಮೊದಲಿನ ಎಟಿ ಮಾದರಿಯ ಪೆಟ್ಟಿಗೆಗಳಲ್ಲಿ ಸ್ವಿಚ್ಚು ನೇರವಾಗಿ ವಿದ್ಯುತ್ತನ್ನೇ ಕಡಿಯುತ್ತಿತ್ತು. ವಿಂಡೋಸ್‌ಗೆ ಯಂತ್ರವನ್ನು ಆರಿಸುವ ಅಧಿಕಾರವಿರಲಿಲ್ಲ, ಆರಿಸಬಹುದು ಎಂದು ಹೇಳುವುದಷ್ಟೇ ಅದರ ಪಾಲಿಗಿತ್ತು. ಇಂಟೆಲ್ ಮತ್ತು ಮೈಕ್ರೋಸಾಫ್ಟ್ 1992ರಲ್ಲಿ ಎಪಿಎಂ ಎಂಬ ಏರ್ಪಾಡನ್ನು ತಂದು, ಬಯಾಸಿನ ಮೂಲಕ ವಿದ್ಯುತ್ತನ್ನು ನಿಯಂತ್ರಿಸುವ ದಾರಿ ಮಾಡಿದವು. 1995ರ ಎಟಿಎಕ್ಸ್ ಮಾದರಿಯಲ್ಲಿ ಸ್ವಿಚ್ಚು ವಿದ್ಯುತ್ತನ್ನು ಕಡಿಯುವ ಬದಲು ಒಂದು ಸಂಕೇತವನ್ನಷ್ಟೇ ಕಳಿಸತೊಡಗಿತು. 1996ರ ಡಿಸೆಂಬರಿನಲ್ಲಿ ಬಂದ ಎಸಿಪಿಐ ಈ ಹೊಣೆಯನ್ನು ಬಯಾಸಿನಿಂದ ಆಪರೇಟಿಂಗ್ ಸಿಸ್ಟಮಿಗೆ ವರ್ಗಾಯಿಸಿತು. ಸಂಘದ ಹಳೆಯ ಯಂತ್ರ ಎಟಿ ಪೆಟ್ಟಿಗೆಯದು. ಅದರಲ್ಲಿ ವಿಂಡೋಸನ್ನು ಹಾಕಿದಾಗ ಎಪಿಎಂ ಆಗಲಿ ಎಸಿಪಿಐ ಆಗಲಿ ಸೇರಿರಲಿಲ್ಲ. ಕಿತ್ತಳೆ ಅಕ್ಷರ ಬಂದ ಕೂಡಲೇ ಗುಮಾಸ್ತರು ಪೆಟ್ಟಿಗೆಯ ಸ್ವಿಚ್ಚು ಒತ್ತುತ್ತಿದ್ದರು. ವರ್ಷಗಟ್ಟಲೆ ಅದು ಸರಿಯಾಗಿಯೇ ನಡೆದಿತ್ತು. ಈಗ ಅಕ್ಷರ ಅದೇ ಇದೆ, ಸ್ವಿಚ್ಚು ಇಲ್ಲ. ಎಮ್ಯುಲೇಟರಿನ ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಿದರೆ ಎಲ್ಲ ಮಾಯವಾಗುತ್ತದೆ ಎಂಬುದನ್ನು ಅವರು ತಾವೇ ಕಂಡುಕೊಂಡರು. ಹಾಗೆ ಮಾಡುವುದು ಓಡುತ್ತಿರುವ ಯಂತ್ರದ ಪ್ಲಗ್ಗನ್ನು ಕಿತ್ತಂತೆಯೇ. ಕಿತ್ತಳೆ ಅಕ್ಷರ ಬಂದ ಮೇಲೆ ಒತ್ತಿದರೆ ತೊಂದರೆಯಿಲ್ಲ, ಬರುವ ಮೊದಲು ಒತ್ತಿದರೆ ತೊಂದರೆ. ಕಾಯುವ ಚಿತ್ರದಲ್ಲಿಯೇ ಪದೇ ಪದೇ ನಿಲ್ಲುವ ಯಂತ್ರದ ಮುಂದೆ ಕುಳಿತವರು ಈ ಎರಡರ ನಡುವಿನ ಗೆರೆಯನ್ನು ಬಹಳ ದಿನ ಕಾಯ್ದುಕೊಳ್ಳುವುದು ಕಷ್ಟ.

ಮೊದಲ ಸುತ್ತಿನ ಪ್ರಯತ್ನಗಳು

ವಿಂಡೋಸ್ 98ರ ಎರಡನೆಯ ಆವೃತ್ತಿ ಶಟ್‌ಡೌನಿನಲ್ಲಿ ನಿಲ್ಲುವುದು ಆ ಕಾಲದಿಂದಲೂ ಎಲ್ಲರಿಗೂ ಗೊತ್ತಿದ್ದ ಕಾಯಿಲೆ. ಎಂಎಸ್‌ಕಾನ್ಫಿಗ್ ಎಂಬ ಉಪಕರಣದಲ್ಲಿ ವೇಗದ ಶಟ್‌ಡೌನನ್ನು ನಿಲ್ಲಿಸುವ ಒಂದು ಆಯ್ಕೆಯಿದೆ. ತಂತ್ರಜ್ಞರು ಮೊದಲು ಅದನ್ನು ಹಾಕಿ ನೋಡಿದರು. ಫಲ ಸಿಗಲಿಲ್ಲ. ಊಹೆಯ ಮೇಲೆ ಇನ್ನಷ್ಟು ಆಯ್ಕೆಗಳನ್ನು ಬದಲಿಸುತ್ತ ಹೋಗುವುದನ್ನು ಅವರು ಅಲ್ಲಿಗೇ ಬಿಟ್ಟು, ಯಂತ್ರ ತಾನೇ ಬರೆದಿಡುವ ಸಾಕ್ಷಿಯನ್ನು ಹುಡುಕಲು ಹೊರಟರು. ಈ ಪ್ರಕರಣದ ಮೊದಲ ಒಳ್ಳೆಯ ನಿರ್ಧಾರ ಅದು.

ವಿಂಡೋಸ್ 98 ಏಳುವಾಗ ಎಫ್8 ಒತ್ತಿ, ದಾಖಲೆ ಸಹಿತ ಏಳುವ ಆಯ್ಕೆಯನ್ನು ಆರಿಸಿದರೆ, ಸಿ ಡ್ರೈವಿನ ಮೂಲದಲ್ಲಿ ಬೂಟ್‌ಲಾಗ್ ಎಂಬ ಗುಪ್ತ ಕಡತವೊಂದು ಹುಟ್ಟುತ್ತದೆ. ಹೆಸರಿನಿಂದ ಅದು ಏಳುವುದರ ದಾಖಲೆ ಮಾತ್ರ ಎನಿಸುತ್ತದೆ. ಆದರೆ ಮುಚ್ಚುವಾಗಿನ ಹಂತಗಳನ್ನೂ ವಿಂಡೋಸ್ ಅದರ ಕೊನೆಯಲ್ಲಿ ಬರೆಯುತ್ತದೆ: ಪ್ರತಿ ಹಂತ ಶುರುವಾಗುವಾಗ ‘ಟರ್ಮಿನೇಟ್’ ಎಂದು ಒಂದು ಸಾಲು, ಮುಗಿದಾಗ ‘ಎಂಡ್ ಟರ್ಮಿನೇಟ್’ ಎಂದು ಅದರ ಜೋಡಿ ಸಾಲು. ಜೋಡಿಯಿಲ್ಲದ ಸಾಲು ಸಿಕ್ಕರೆ ಯಂತ್ರ ನಿಂತದ್ದು ಅಲ್ಲಿಯೇ. ಜೋಡಿ ತಪ್ಪಿದ ಹಂತ ‘ರೀಸೆಟ್ ಡಿಸ್‌ಪ್ಲೇ’ ಆಗಿದ್ದರೆ ಪರದೆಯ ಡ್ರೈವರನ್ನೂ (ಸಾಧನವನ್ನು ನಡೆಸುವ ತಂತ್ರಾಂಶವನ್ನೂ), ‘ಅನ್‌ಲೋಡ್ ನೆಟ್‌ವರ್ಕ್’ ಆಗಿದ್ದರೆ ಜಾಲದ ಹಳೆಯ ಡ್ರೈವರನ್ನೂ, ‘ಆರ್‌ಐಟಿ’ ಆಗಿದ್ದರೆ ಟೈಮರಿಗೆ ಸಂಬಂಧಿಸಿದಂತೆ ಧ್ವನಿ ಕಾರ್ಡನ್ನು ಅಥವಾ ಮೌಸಿನ ಹಳೆಯ ಡ್ರೈವರನ್ನೂ ಸಂಶಯಿಸಬೇಕು. ಈ ಯಂತ್ರದಲ್ಲಿ ಒಂಟಿಯಾಗಿ ಉಳಿದಿದ್ದದ್ದು ಆರ್‌ಐಟಿ ಸಾಲು.

ಕಾರಣ ಆಗ ಸ್ಪಷ್ಟವಾಯಿತು. ಡಿಸ್ಕಿನ ಪ್ರತಿಯೊಂದಿಗೆ ಹಳೆಯ ಯಂತ್ರದ ಡ್ರೈವರುಗಳೆಲ್ಲ ಬಂದಿದ್ದವು. ಹೊಸ ಪರಿಸರದಲ್ಲಿ ವಿಂಡೋಸ್ ಮತ್ತೊಂದು ಧ್ವನಿ ಕಾರ್ಡನ್ನು ಗುರುತಿಸಿ ಸೇರಿಸಿಕೊಂಡಿತ್ತು, ಇಲ್ಲದ ಹಳೆಯ ಕಾರ್ಡಿನ ಡ್ರೈವರನ್ನೂ ಹೊತ್ತುಕೊಂಡೇ ಇತ್ತು. ಮಾಮೂಲಿಯಾಗಿ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರನ್ನು ತೆರೆದರೆ ಇಂಥ ಇಲ್ಲದ ಸಾಧನಗಳು ಕಾಣುವುದಿಲ್ಲ. ಅತಿ ಕಡಿಮೆ ಡ್ರೈವರುಗಳೊಂದಿಗೆ ಏಳುವ ಸೇಫ್ ಮೋಡಿನಲ್ಲಿ ಎದ್ದು ನೋಡಿದರೆ ಎಲ್ಲ ಹೊರಬೀಳುತ್ತವೆ. ಹಳೆಯ ಧ್ವನಿ ಕಾರ್ಡನ್ನೂ ಎರಡೆರಡಾಗಿ ನಿಂತಿದ್ದ ಮೌಸನ್ನೂ ಅಲ್ಲಿಂದ ತೆಗೆದ ಮೇಲೆ ಕಾಯುವ ಚಿತ್ರದಲ್ಲಿ ನಿಲ್ಲುವುದು ತಪ್ಪಿತು. ಮೊದಲ ತೊಂದರೆ ಹೀಗೆ ತೀರಿತು.

ಇದಾದ ಮೇಲೆ ಸಿಬ್ಬಂದಿ ಇನ್ನೊಂದು ತಡೆಯನ್ನು ಮುಂದಿಟ್ಟರು. ಲೆಕ್ಕದ ತಂತ್ರಾಂಶ ತೆರೆದಿರುವಾಗಲೇ ಶಟ್‌ಡೌನ್ ಒತ್ತಿದರೆ, ಈ ಪ್ರೋಗ್ರಾಮನ್ನು ತಾನಾಗಿ ಮುಚ್ಚಲು ಆಗುವುದಿಲ್ಲ, ಅದರದೇ ಆಜ್ಞೆಯಿಂದ ಹೊರಗೆ ಬನ್ನಿ ಎಂದು ವಿಂಡೋಸ್ ತಡೆಯುತ್ತಿತ್ತು. ಡಾಸ್ ಪ್ರೋಗ್ರಾಮಿನ ಗುಣಲಕ್ಷಣಗಳ ಪುಟದಲ್ಲಿ, ಇನ್ನೂ ಓಡುತ್ತಿದ್ದರೆ ಎಚ್ಚರಿಸು ಎಂಬ ಒಂದು ಗುರುತು ಇರುತ್ತದೆ. ಅದನ್ನು ತೆಗೆದರೆ ವಿಂಡೋಸ್ ಕೇಳದೆಯೇ ಪ್ರೋಗ್ರಾಮನ್ನು ಕೊನೆಗೊಳಿಸಿ ಮುಂದೆ ಹೋಗುತ್ತದೆ. ಕಚೇರಿಯ ಅನುಕೂಲಕ್ಕೆಂದು ಆ ಗುರುತನ್ನು ತೆಗೆಯಲಾಯಿತು. ಜೊತೆಗೆ, ಕಿತ್ತಳೆ ಅಕ್ಷರದ ತೊಂದರೆಗೆ ಹೊರಗಿನ ಕಂಪ್ಯೂಟರಿನಲ್ಲಿ ಒಂದು ಗುಂಡಿ ಮಾಡಿ, ಅದನ್ನು ಒತ್ತಿದರೆ ಎಮ್ಯುಲೇಟರ್ ಮುಚ್ಚಿಕೊಳ್ಳುವಂತೆ ಮಾಡಲಾಯಿತು. ಈಗ ಸಂಜೆಯ ಕೆಲಸ ಸಲೀಸಾಯಿತು, ದೂರು ನಿಂತಿತು. ಇನ್ನೊಂದು ಸಲ ಪರೀಕ್ಷಿಸಿ ನೋಡೋಣ ಎಂದ ತಂತ್ರಜ್ಞರಿಗೆ ಹಿರಿಯ ಗುಮಾಸ್ತರು, “ಸ್ಕ್ರೀನು ಕಪ್ಪಾಯ್ತಲ್ಲ ಮಾರಾಯಾ, ಇನ್ನೆಂತ ಬಂದ್ ಮಾಡೋದು?” ಎಂದಿದ್ದರು. ಆ ಹೊತ್ತಿಗೆ ಅದು ಸರಿಯಾದ ಮಾತೆಂದೇ ಎಲ್ಲರಿಗೂ ತೋರಿತ್ತು.

ತೂಕದ ಚೀಟಿ

ಕೊಯ್ಲಿನ ಕಾಲ ಬಂದು ಅಡಿಕೆ ಬರತೊಡಗಿದಾಗ ಸದಸ್ಯರೊಬ್ಬರು ಮುಂಗಡ ಕೇಳಲು ಬಂದರು. ಅವರ ಕೈಯಲ್ಲಿ ಸಂಘವೇ ಕೊಟ್ಟ ತೂಕದ ಚೀಟಿ ಇತ್ತು. ಖಾತೆಯಲ್ಲಿ ಆ ತೂಕ ಇರಲಿಲ್ಲ. ಚೀಟಿಯ ಕಾರ್ಬನ್ ಪ್ರತಿ ಕಚೇರಿಯಲ್ಲಿಯೂ ಇದ್ದುದರಿಂದ ಆ ಸದಸ್ಯರಿಗೆ ಅನ್ಯಾಯವಾಗಲಿಲ್ಲ. ಆದರೆ ಪ್ರತಿಗಳ ಕಟ್ಟನ್ನು ಖಾತೆಯೊಂದಿಗೆ ಹೋಲಿಸಿ ನೋಡಿದಾಗ ಇನ್ನೂ ಕೆಲವು ಚೀಟಿಗಳು ಕಾಣೆಯಾಗಿದ್ದವು. ಅವುಗಳಲ್ಲಿ ಹೆಚ್ಚಿನವು ಸಂಜೆಯ ಕೊನೆಯ ಚೀಟಿಗಳು. ಲೆಕ್ಕದ ಕಡತಗಳನ್ನು ಪರೀಕ್ಷಿಸಲು ನನ್ನನ್ನು ಕರೆದದ್ದು ಈ ಹಂತದಲ್ಲಿ.

ಫಾಕ್ಸ್‌ಪ್ರೊ ಬಳಸುವ ಡಿಬಿಎಫ್ ಕಡತದ ರಚನೆ ಬಹಳ ಸರಳ, ಅದೇ ಇಲ್ಲಿ ಸಹಾಯಕ್ಕೆ ಬಂತು. ಮೊದಲ ಬೈಟನ್ನು ಸೊನ್ನೆ ಎಂದು ಎಣಿಸಿದರೆ, 4ರಿಂದ 7ರವರೆಗಿನ ನಾಲ್ಕು ಬೈಟುಗಳಲ್ಲಿ ಒಟ್ಟು ಎಷ್ಟು ದಾಖಲೆಗಳಿವೆ ಎಂಬ ಎಣಿಕೆ ಇರುತ್ತದೆ. 8 ಮತ್ತು 9ರಲ್ಲಿ ಶಿರೋಭಾಗದ ಉದ್ದ, 10 ಮತ್ತು 11ರಲ್ಲಿ ಒಂದು ದಾಖಲೆಯ ಉದ್ದ. ಹೀಗಾಗಿ ಕಡತದ ಗಾತ್ರ ಎಷ್ಟಿರಬೇಕೆಂಬುದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಉದಾಹರಣೆಗೆ, 14 ಅಂಕಣಗಳ ಕಡತವೊಂದರ ಶಿರೋಭಾಗ 32ಕ್ಕೆ ಹದಿನಾಲ್ಕು ಸಲ 32 ಸೇರಿಸಿ, ಮೇಲೊಂದು ಬೈಟು ಸೇರಿಸಿದರೆ 481 ಬೈಟು. ಒಂದು ದಾಖಲೆ 96 ಬೈಟಿನದಾಗಿ, ಎಣಿಕೆ 1000 ಎಂದಿದ್ದರೆ, ಕೊನೆಯ ಗುರುತಿನ ಒಂದು ಬೈಟೂ ಸೇರಿ ಕಡತ 96,482 ಬೈಟು ಇರಬೇಕು. ಅದರ ಬದಲು 96,770 ಬೈಟು ಇದ್ದರೆ ಮೂರು ದಾಖಲೆಗಳ ಜಾಗ ಹೆಚ್ಚುವರಿಯಾಗಿದೆ ಎಂದರ್ಥ: ದಾಖಲೆಗಳು ಡಿಸ್ಕಿಗೆ ಹೋಗಿವೆ, ಎಣಿಕೆ ಮಾತ್ರ ತಿದ್ದಿಲ್ಲ. ತಂತ್ರಾಂಶ ಎಣಿಕೆಯನ್ನು ನಂಬಿ ನಡೆಯುವುದರಿಂದ ಆ ಮೂರು ಪರದೆಗೆ ಬರುವುದೇ ಇಲ್ಲ. ಅಷ್ಟೇ ಆದರೆ ಪರವಾಗಿಲ್ಲ. ಮಾರನೆಯ ದಿನ ಹೊಸ ಚೀಟಿ ಸೇರಿಸಿದರೆ ಅದು ಹಿಂದಿನ ದಿನದ ಕಾಣದ ದಾಖಲೆಯ ಮೇಲೆಯೇ ಬರೆದುಕೊಳ್ಳುತ್ತದೆ.

ಸಂಘದ ಕಡತದಲ್ಲಿ ಇದೇ ಆಗಿತ್ತು. ಫಾಕ್ಸ್‌ಪ್ರೊ ತನ್ನ ಸ್ಮೃತಿಯಲ್ಲಿ ಹಿಡಿದಿಟ್ಟುಕೊಂಡದ್ದನ್ನು ಪೂರ್ತಿಯಾಗಿ ಇಳಿಸಿ ಎಣಿಕೆಯನ್ನು ಸರಿಪಡಿಸುವುದು ಕಡತವನ್ನು ಮುಚ್ಚುವಾಗ. ಎಚ್ಚರಿಸುವ ಗುರುತನ್ನು ತೆಗೆದ ಮೇಲೆ ವಿಂಡೋಸ್ ಆ ಅವಕಾಶವನ್ನೇ ಕೊಡದೆ ಅದನ್ನು ಕೊನೆಗೊಳಿಸುತ್ತಿತ್ತು. ವಿಂಡೋಸ್ ಮಟ್ಟಿಗೆ ಶಟ್‌ಡೌನ್ ಸುಸೂತ್ರವಾಗಿ ನಡೆದಿತ್ತು. ಆದ್ದರಿಂದ ಮಾರನೆಯ ಬೆಳಿಗ್ಗೆ ಸ್ಕ್ಯಾನ್‌ಡಿಸ್ಕ್ ಕೂಡ ಏಳಲಿಲ್ಲ, ಯಾರಿಗೂ ಸುಳಿವು ಸಿಗಲಿಲ್ಲ. ಕಿರಿಕಿರಿ ಎನಿಸಿದ್ದ ಆ ತಡೆಯೇ ಖಾತೆಯನ್ನು ಕಾಯುತ್ತಿದ್ದ ಏಕೈಕ ಸಂಗತಿಯಾಗಿತ್ತು.

ದುರಸ್ತಿಯನ್ನು ಮೂಲ ಕಡತದ ಮೇಲೆ ಮಾಡದೆ ಪ್ರತಿಯ ಮೇಲೆ ಮಾಡಿದೆವು. ಕೊನೆಯ ದಿನದ ಕಡತದಲ್ಲಿ ಎಣಿಕೆಯ ಆಚೆ ಉಳಿದಿದ್ದ ದಾಖಲೆಗಳನ್ನು ಒಂದೊಂದಾಗಿ ಓದಿ, ಪ್ರತಿಯೊಂದೂ ಸ್ಪೇಸ್ ಅಕ್ಷರದ ಬೈಟಿನಿಂದ ಶುರುವಾಗುತ್ತದೆಯೇ, ದಿನಾಂಕ ಮತ್ತು ತೂಕದ ಜಾಗದಲ್ಲಿ ಅರ್ಥವಿರುವ ಅಂಕಿಗಳಿವೆಯೇ ಎಂದು ನೋಡಿ, ಬಳಿಕ ಎಣಿಕೆಯನ್ನು ತಿದ್ದಿ, ಸೂಚಿ ಕಡತಗಳನ್ನು ಹೊಸದಾಗಿ ಕಟ್ಟಲಾಯಿತು. ಹಿಂದಿನ ದಿನಗಳಲ್ಲಿ ಮೇಲೆ ಬರೆದುಹೋದವುಗಳನ್ನು ಕಾರ್ಬನ್ ಪ್ರತಿ ನೋಡಿ ಮತ್ತೆ ನಮೂದಿಸಬೇಕಾಯಿತು. ಕಾಗದದ ಚೀಟಿಯ ಪದ್ಧತಿಯನ್ನು ಸಂಘ ಬಿಟ್ಟಿರಲಿಲ್ಲ ಎಂಬುದೊಂದು ಪುಣ್ಯ.

ಯಾವುದು ಮೊದಲು ಮುಚ್ಚಬೇಕು

ಇಲ್ಲಿಂದ ನಾವು ಪ್ರಶ್ನೆಯನ್ನೇ ಬದಲಿಸಿಕೊಂಡೆವು. ಕಂಪ್ಯೂಟರನ್ನು ಹೇಗೆ ಆರಿಸುವುದು ಎಂದು ಕೇಳುವುದನ್ನು ಬಿಟ್ಟು, ಯಾವ ಪದರ ಯಾವುದಕ್ಕಿಂತ ಮೊದಲು ಮುಚ್ಚಬೇಕು ಎಂದು ಬರೆದುಕೊಂಡೆವು. ಒಳಗಿನಿಂದ ಹೊರಗೆ ನಾಲ್ಕು ಪದರಗಳಿವೆ: ಲೆಕ್ಕದ ತಂತ್ರಾಂಶ, ಅದರ ಸುತ್ತ ವಿಂಡೋಸ್ ಅಥವಾ ಡಾಸ್, ಅದರ ಸುತ್ತ ಎಮ್ಯುಲೇಟರ್, ಎಲ್ಲಕ್ಕೂ ಹೊರಗೆ ಲಿನಕ್ಸ್. ಅಲ್ಲಿಯವರೆಗೆ ಮಾಡಿದ್ದೆಲ್ಲ ಹೊರಗಿನ ಪದರವನ್ನು ಸಲೀಸಾಗಿ ಮುಚ್ಚುವ ಏರ್ಪಾಡು. ಒಳಗೆ ದೀಪ ಉರಿಯುತ್ತಿರುವಾಗಲೇ ಹೊರಬಾಗಿಲಿಗೆ ಬೀಗ ಹಾಕಿದಂತೆ.

ಕರೆಂಟು ಹೋದಾಗಿನ ಮೂರನೆಯ ತೊಂದರೆಗೂ ಇದೇ ಮೂಲ. ಹೊರಗಿನ ಲಿನಕ್ಸ್ ಮುಚ್ಚುವಾಗ ಎಮ್ಯುಲೇಟರಿಗೆ ಕೊನೆಗೊಳ್ಳುವ ಸಂಕೇತವನ್ನು ಕಳಿಸುತ್ತದೆ. ಕ್ಯೂಎಮು ಆ ಸಂಕೇತ ಸಿಕ್ಕ ಕೂಡಲೇ ಡಿಸ್ಕ್ ಕಡತವನ್ನು ಕ್ರಮವಾಗಿ ಮುಚ್ಚಿ ಹೊರಬೀಳುತ್ತದೆ, ಆದರೆ ಒಳಗಿನ ವಿಂಡೋಸ್‌ಗೆ ಒಂದು ಮಾತೂ ಹೇಳುವುದಿಲ್ಲ. ಹೊರಗಿನ ದಾಖಲೆಯಲ್ಲಿ ಎಲ್ಲ ಸರಿಯಾಗಿ ಮುಚ್ಚಿದೆ ಎಂದೇ ಇರುತ್ತದೆ. ಇದಕ್ಕೆ ಬದಲಾಗಿ ಎಮ್ಯುಲೇಟರಿನ ನಿಯಂತ್ರಣ ಮಾರ್ಗದಿಂದ ಪವರ್ ಗುಂಡಿ ಒತ್ತಿದ ಸಂಕೇತವನ್ನು ಕಳಿಸಬಹುದು. ಅದು ಎಸಿಪಿಐ ಸಂಕೇತ, ಎಸಿಪಿಐ ಇಲ್ಲದ ಈ ವಿಂಡೋಸ್ ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಅದರ ಉತ್ತರಕ್ಕಾಗಿ ಕಾಯುವಂತೆ ಮಾಡಿದರೂ, ಡೆಬಿಯನ್ನಿನಲ್ಲಿ ಸೇವೆಗಳನ್ನು ಶುರುಮಾಡಿ ನಿಲ್ಲಿಸುವ ಸಿಸ್ಟಮ್‌ಡಿ ಒಂದು ಸೇವೆ ನಿಲ್ಲಲಿ ಎಂದು ಮಾಮೂಲಿಯಾಗಿ ಕಾಯುವುದು 90 ಸೆಕೆಂಡು. ಆಮೇಲೆ ಬಲವಂತವಾಗಿ ಕೊನೆಗೊಳಿಸುತ್ತದೆ.

ಎರಡು ಸುಲಭ ದಾರಿಗಳು ಕಂಡವು. ಮುಚ್ಚುವ ಬದಲು ಒಳಗಿನ ಯಂತ್ರದ ಸ್ಥಿತಿಯನ್ನು ಇದ್ದಂತೆಯೇ ಉಳಿಸಿಟ್ಟು ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಸುವುದು ಮೊದಲನೆಯದು. ಕ್ಯೂಎಮು ಇದನ್ನು ಚೆನ್ನಾಗಿ ಮಾಡುತ್ತದೆ. ಪರೀಕ್ಷೆಗೆಂದು ಹಾಗೆ ಉಳಿಸಿ, ಮಾರನೆಯ ದಿನ ತೆರೆದಾಗ ತಂತ್ರಾಂಶ ಹಿಂದಿನ ದಿನದ ಪರದೆಯೊಂದಿಗೇ ಎದ್ದಿತು, ಹಿಂದಿನ ದಿನದ ದಿನಾಂಕದೊಂದಿಗೆ ಕೂಡ. ಆ ಕಾಲದ ವ್ಯವಸ್ಥೆಗಳು ಬ್ಯಾಟರಿ ಗಡಿಯಾರವನ್ನು ಓದಿ ದಿನಾಂಕ ಹಿಡಿಯುವುದು ಏಳುವಾಗ. ಆಮೇಲೆ ಟೈಮರಿನ ಬಡಿತವನ್ನು ಎಣಿಸುತ್ತ ಹೋಗುತ್ತವೆ. ನಿದ್ದೆಯಲ್ಲಿ ಕಳೆದ ರಾತ್ರಿ ಅವುಗಳ ಎಣಿಕೆಗೆ ಸಿಗುವುದಿಲ್ಲ. ಮುಂಗಡದ ಬಡ್ಡಿ ದಿನದ ಲೆಕ್ಕದಲ್ಲಿ ನಡೆಯುವ ಕಚೇರಿಗೆ ಇದು ಆಗದ ಮಾತು. ಹೊರಗಿನಿಂದ ಕೀಲಿಗಳನ್ನು ತಾನಾಗಿ ಒತ್ತಿಸಿ ಲೆಕ್ಕದ ತಂತ್ರಾಂಶದಿಂದ ಹೊರಬರುವಂತೆ ಮಾಡುವುದು ಎರಡನೆಯ ದಾರಿ. ಇದನ್ನು ಯೋಚನೆಯಲ್ಲಿಯೇ ಕೈಬಿಟ್ಟೆವು. ಅರ್ಧ ತುಂಬಿದ ಚೀಟಿ ಪರದೆಯಲ್ಲಿದ್ದಾಗ ಉಳಿಸಬೇಕೋ ಬಿಡಬೇಕೋ ಎಂದು ತಂತ್ರಾಂಶ ಕೇಳುತ್ತದೆ. ಆ ಪ್ರಶ್ನೆಗೆ ಉತ್ತರಿಸುವ ಹಕ್ಕು ಆ ಚೀಟಿಯನ್ನು ಕಣ್ಣಾರೆ ನೋಡಿದವರದು. ಯಂತ್ರಕ್ಕೆ ಅದನ್ನು ಬಿಟ್ಟುಕೊಡುವುದು ಲೆಕ್ಕದ ಕೆಲಸದಲ್ಲಿ ತಪ್ಪು ಎಂದು ನಾನು ಈಗಲೂ ದೃಢವಾಗಿ ನಂಬಿದ್ದೇನೆ.

ಹೊಸ ಏರ್ಪಾಡು

ಮುಖ್ಯ ನಿರ್ಧಾರ, ಒಂದೇ ಯಂತ್ರದಲ್ಲಿದ್ದ ಎರಡು ಕೆಲಸಗಳನ್ನು ಬೇರ್ಪಡಿಸುವುದಾಗಿತ್ತು. ಲೆಕ್ಕದ ತಂತ್ರಾಂಶಕ್ಕೆ ವಿಂಡೋಸ್ ಬೇಕಿರಲೇ ಇಲ್ಲ, ಅದು ಅದರೊಳಗೆ ಇದ್ದದ್ದು ಅಭ್ಯಾಸದಿಂದ. ಆದ್ದರಿಂದ ಅದಕ್ಕೆ ಡಾಸ್ ಮಾತ್ರವಿರುವ ಪ್ರತ್ಯೇಕ ಒಳಗಿನ ಯಂತ್ರವನ್ನು ಕಟ್ಟಲಾಯಿತು. ಡಾಸ್‌ನಲ್ಲಿ ಶಟ್‌ಡೌನ್ ಎಂಬುದೇ ಇಲ್ಲ. ಪ್ರೋಗ್ರಾಮ್ ಹೊರಬಂದು, ಡಿಸ್ಕಿಗೆ ಬರೆಯಬೇಕಾದದ್ದು ಬರೆದಾದ ಮೇಲೆ ಯಾವಾಗ ಆರಿಸಿದರೂ ಸರಿ. ಬರೆಯಬೇಕಾದದ್ದು ಬರೆದಾಯಿತೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು, ಏಕೆಂದರೆ ಸ್ಮಾರ್ಟ್‌ಡ್ರೈವ್ ಎಂಬ ಡಾಸ್‌ನ ಕ್ಯಾಶ್ ಬರಹವನ್ನು ಸ್ವಲ್ಪ ಹೊತ್ತು ತನ್ನಲ್ಲಿ ಹಿಡಿದಿಟ್ಟುಕೊಳ್ಳಬಲ್ಲದು.

ಏಳುವಾಗ ನಡೆಯುವ ಬ್ಯಾಚ್ ಕಡತದಲ್ಲಿ (ಆಜ್ಞೆಗಳ ಪಟ್ಟಿಯಲ್ಲಿ) ಕೆಲವೇ ಸಾಲುಗಳಿವೆ. ಮೊದಲ ಸಾಲು ಲೆಕ್ಕದ ತಂತ್ರಾಂಶವನ್ನು ಓಡಿಸುತ್ತದೆ. ಗುಮಾಸ್ತರು ಮೆನುವಿನಿಂದ ಹೊರಬಂದ ಮೇಲೆ ಮಾತ್ರ ಮುಂದಿನ ಸಾಲು ನಡೆಯುತ್ತದೆ: ಸ್ಮಾರ್ಟ್‌ಡ್ರೈವಿನ ಆಜ್ಞೆಗೆ ಸಿ ಎಂಬ ಆಯ್ಕೆಯ ಸ್ವಿಚ್ಚು ಕೊಟ್ಟು, ಹಿಡಿದಿಟ್ಟದ್ದೆಲ್ಲವನ್ನೂ ಡಿಸ್ಕಿಗೆ ಇಳಿಸಲು ಹೇಳುವುದು. ಬಳಿಕ ಎಕೋ ಆಜ್ಞೆಯಿಂದ ಕಾಮ್1 ಎಂಬ ಸೀರಿಯಲ್ ಪೋರ್ಟಿಗೆ ಒಂದು ಪದ ಹೋಗುತ್ತದೆ. ಆ ಪೋರ್ಟು ಹೊರಗಿನ ಕಂಪ್ಯೂಟರಿನ ಒಂದು ಕಡತಕ್ಕೆ ಜೋಡಣೆಯಾಗಿರುವುದರಿಂದ, ಖಾತೆ ಮುಚ್ಚಿದೆ ಎಂಬ ಸುದ್ದಿ ಲಿನಕ್ಸಿಗೆ ಒಳಗಿನಿಂದಲೇ ತಲುಪುತ್ತದೆ. ಕೊನೆಯ ಸಾಲು ಡಾಸ್‌ನ ಮುಕ್ತ ಆವೃತ್ತಿಯಾದ ಫ್ರೀಡಾಸ್ ಯೋಜನೆಯ ಎಫ್‌ಡಿಎಪಿಎಂ ಎಂಬ ಪುಟ್ಟ ಉಪಕರಣವನ್ನು ಕರೆದು, ಎಪಿಎಂ ಮೂಲಕ ಯಂತ್ರವನ್ನು ಆರಿಸುತ್ತದೆ. ಆಗ ಎಮ್ಯುಲೇಟರ್ ತಾನಾಗಿ ಮುಚ್ಚುತ್ತದೆ. ಗುಣಾಕಾರ ಚಿಹ್ನೆಯನ್ನು ಒತ್ತಿದರೆ ಏನೂ ಆಗದಂತೆ ಕ್ಯೂಎಮು ಕಿಟಕಿಯನ್ನು ಹೊಂದಿಸಿದೆವು.

ಪೇಜ್‌ಮೇಕರಿಗೆಂದು ಉಳಿದ ವಿಂಡೋಸ್ 98 ಯಂತ್ರವನ್ನು ತೇಪೆ ಹಚ್ಚದೆ ಹೊಸದಾಗಿ ಕಟ್ಟಿದೆವು, ಸೆಟಪ್ಪಿಗೆ ಪಿ ಮತ್ತು ಜೆ ಸ್ವಿಚ್ಚುಗಳನ್ನು ಕೊಟ್ಟು ಎಸಿಪಿಐ ಸಹಿತವಾಗಿಯೇ ಅನುಸ್ಥಾಪಿಸಿದೆವು. ಕಿತ್ತಳೆ ಅಕ್ಷರ ಮತ್ತೆ ಕಾಣಲಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಮಲೆನಾಡಿನ ವಾಸ್ತವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಕಾಡಿನ ನಡುವೆ ಹಾದ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಬರುವುದು ಯಾವಾಗ ಎಂದು ಹೇಳಲಾಗುವುದಿಲ್ಲ. ಸಂಘದಲ್ಲಿ ದೊಡ್ಡ ಬ್ಯಾಟರಿಯ ಇನ್ವರ್ಟರ್ ಇತ್ತು, ಅದು ಗಂಟೆಗಟ್ಟಲೆ ನಡೆಸುತ್ತದೆ. ಆದರೆ ತನ್ನ ಬ್ಯಾಟರಿ ತೀರುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವ ದಾರಿ ಅದಕ್ಕಿಲ್ಲ. ಮೊದಲಿದ್ದ ಯುಪಿಎಸ್ಸನ್ನು ಗೋಡೆಯ ಪ್ಲಗ್ಗಿಗೇ ಜೋಡಿಸಲಾಗಿತ್ತು, ಆದ್ದರಿಂದ ಪ್ರತಿ ಸಲ ಕರೆಂಟು ಹೋದಾಗಲೂ ಮುಚ್ಚುವ ಸಂಕೇತ ಹೊರಡುತ್ತಿತ್ತು. ಈಗ ಅದನ್ನು ಇನ್ವರ್ಟರಿನ ಆಚೆ ಜೋಡಿಸಲಾಗಿದೆ. ಇನ್ವರ್ಟರೂ ಕೈಬಿಟ್ಟ ಕೊನೆಯ ಹಂತದಲ್ಲಿ ಮಾತ್ರ ಯುಪಿಎಸ್ ತನ್ನ ಬ್ಯಾಟರಿಗೆ ಇಳಿದು ಯುಎಸ್‌ಬಿ ಮೂಲಕ ತಿಳಿಸುತ್ತದೆ. ಇದಕ್ಕೆ ಸೈನ್ ವೇವ್ ಇನ್ವರ್ಟರೇ ಬೇಕು. ಚೌಕದ ಅಲೆಯ ಇನ್ವರ್ಟರಿನ ವಿದ್ಯುತ್ತನ್ನು ಅನೇಕ ಯುಪಿಎಸ್‌ಗಳು ಒಪ್ಪುವುದಿಲ್ಲ. ಸಂಕೇತ ಬಂದ ಕೂಡಲೇ ಲಿನಕ್ಸ್ ಏನನ್ನೂ ಮುಚ್ಚದೆ, ಜೋರಾಗಿ ಸದ್ದು ಮಾಡಿ, ಖಾತೆಯಿಂದ ಹೊರಬನ್ನಿ ಎಂದು ಪರದೆಯ ತುಂಬ ತೋರಿಸುತ್ತದೆ. ಎಮ್ಯುಲೇಟರ್ ತಾನಾಗಿ ಮುಚ್ಚಿದ ಮೇಲೆ ಮಾತ್ರ ಅದು ಮುಂದಿನ ಹೆಜ್ಜೆ ಇಡುತ್ತದೆ.

ಪರಿಣಾಮ ಮತ್ತು ಪರೀಕ್ಷೆ

ಮುಂದಿನ ಕೊಯ್ಲಿನ ಕಾಲದಲ್ಲಿ ಕಾರ್ಬನ್ ಪ್ರತಿಗಳನ್ನು ಖಾತೆಯೊಂದಿಗೆ ತಾಳೆ ನೋಡಿದಾಗ ಯಾವ ಚೀಟಿಯೂ ಬಿಟ್ಟುಹೋಗಿರಲಿಲ್ಲ. ಈ ತಾಳೆಗಿಂತ ಹೆಚ್ಚಿನ ಬೆಲೆಯನ್ನು ನಾನು ಪ್ರತಿ ಬೆಳಿಗ್ಗೆ ನಡೆಯುವ ಇನ್ನೊಂದು ಪರೀಕ್ಷೆಗೆ ಕೊಡುತ್ತೇನೆ. ಒಳಗಿನ ಯಂತ್ರ ಏಳುವ ಮೊದಲೇ, ಹೊರಗಿನ ಕಂಪ್ಯೂಟರ್ ಡಿಸ್ಕ್ ಕಡತವನ್ನು ಓದಲು ಮಾತ್ರ ತೆರೆದು, ಪ್ರತಿ ಡಿಬಿಎಫ್ ಕಡತದ ಗಾತ್ರ ಅದರ ಎಣಿಕೆಗೆ ಹೊಂದುತ್ತದೆಯೇ ಎಂದು ಮೇಲೆ ಹೇಳಿದ ಲೆಕ್ಕವನ್ನು ಹಾಕುತ್ತದೆ. ಹೊಂದದಿದ್ದರೆ ತಂತ್ರಾಂಶ ಏಳುವುದೇ ಇಲ್ಲ. ಹೀಗಾಗಿ ಕಾಣದ ದಾಖಲೆಯ ಮೇಲೆ ಹೊಸದು ಬರೆದುಕೊಳ್ಳುವ ಅಪಾಯ ಉಳಿಯುವುದಿಲ್ಲ. ವಿಂಡೋಸ್ ಯಂತ್ರಕ್ಕೆ ಬೇರೆ ಗುರುತಿದೆ. ಡಿಸ್ಕಿನಲ್ಲಿ ಕಡತಗಳು ಎಲ್ಲೆಲ್ಲಿವೆ ಎಂದು ಬರೆದಿಡುವ ಫ್ಯಾಟ್ ಕೋಷ್ಟಕದ ಎರಡನೆಯ ನಮೂದಿನಲ್ಲಿ, ಸೊನ್ನೆಯಿಂದ ಎಣಿಸಿದರೆ ಫ್ಯಾಟ್16ರಲ್ಲಿ 15ನೆಯ ಬಿಟ್, ಫ್ಯಾಟ್32ರಲ್ಲಿ 27ನೆಯ ಬಿಟ್, ಹಿಂದಿನ ಸಲ ಸರಿಯಾಗಿ ಮುಚ್ಚಿದ್ದರೆ 1 ಆಗಿರುತ್ತದೆ. ಆದರೆ ಆ ಬಿಟ್ ಹೇಳುವುದು ವಿಂಡೋಸಿನ ಪದರದ ಮಾತನ್ನು ಮಾತ್ರ, ಅದರೊಳಗಿನ ಪ್ರೋಗ್ರಾಮಿನದಲ್ಲ. ಕಾಣೆಯಾದ ಚೀಟಿಗಳ ಆ ದಿನಗಳಲ್ಲಿ ಅದು 1 ಎಂದೇ ಇದ್ದಿರಬೇಕು. ಯಾವ ಪದರದ ಸಾಕ್ಷಿ ಯಾವುದಕ್ಕೆ ಸಲ್ಲುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ಇಟ್ಟುಕೊಂಡು ನೋಡುವುದು ಈ ಪ್ರಕರಣದಲ್ಲಿ ನಮಗೆ ತಡವಾಗಿ ಒದಗಿದ ತಿಳಿವಳಿಕೆ, ಇಂಥದೇ ಯಂತ್ರವನ್ನು ಕಟ್ಟುವವರು ಅದನ್ನು ಮೊದಲ ದಿನವೇ ಮಾಡಿಕೊಳ್ಳಬಹುದು.

ಒಂದು ಸಂದರ್ಭ ಪೂರ್ತಿ ಬಗೆಹರಿದಿಲ್ಲ. ಕಚೇರಿಯಲ್ಲಿ ಯಾರೂ ಇಲ್ಲದಾಗ, ಖಾತೆ ತೆರೆದೇ ಇದ್ದು, ಯುಪಿಎಸ್ ಬ್ಯಾಟರಿಯೂ ತೀರುತ್ತ ಬಂದರೆ ಏನು ಮಾಡುವುದು? ಆಗ ಲಿನಕ್ಸ್ ಒಳಗಿನ ಯಂತ್ರದ ಸ್ಥಿತಿಯನ್ನು ಉಳಿಸಿಡುತ್ತದೆ, ಬೆಳಿಗ್ಗೆ ಅದನ್ನು ತಾನಾಗಿ ತೆರೆಯುವುದಿಲ್ಲ. ತಂತ್ರಜ್ಞರೊಬ್ಬರು ಬಂದು ಆ ಸ್ಥಿತಿಯನ್ನು ತೆರೆದು, ಪರದೆಯಲ್ಲಿದ್ದದ್ದನ್ನು ಗುಮಾಸ್ತರಿಗೆ ತೋರಿಸಿ, ಅರ್ಧ ತುಂಬಿದ ಚೀಟಿಯಿದ್ದರೆ ಅವರಿಂದಲೇ ತೀರ್ಮಾನ ಮಾಡಿಸಿ, ಹೊಸ ನಮೂದು ಏನೂ ಮಾಡದೆ ತಂತ್ರಾಂಶದಿಂದ ಹೊರಬಂದು, ಸರಿಯಾದ ದಿನಾಂಕದೊಂದಿಗೆ ಯಂತ್ರವನ್ನು ಮತ್ತೆ ಎಬ್ಬಿಸಬೇಕು. ಈ ವಿಧಾನವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಲಾಗಿದೆ. ಹೊಸ ತಂತ್ರಾಂಶಕ್ಕೆ ಲೆಕ್ಕ ವರ್ಗಾಯಿಸುವಾಗಲೂ ಗಾತ್ರ ಮತ್ತು ಎಣಿಕೆಯ ಇದೇ ಪರೀಕ್ಷೆಯಲ್ಲಿ ಹೊಂದಿದ ಕಡತಗಳನ್ನು ಮಾತ್ರ ಕೊಡಬೇಕೆಂದು ಸಂಘದ ಆಡಳಿತ ಮಂಡಳಿ ಒಪ್ಪಿಕೊಂಡಿದೆ.